ಮಂಚದಡಿಯ ಗೋದಾಮು: ಮುಂಬೈಯಲ್ಲಿ ಸಣ್ಣ ಕನ್ನಡ ಪ್ರಕಾಶನ ನಡೆಸುವ ಬಗೆ

ಮುಂಬೈಯಲ್ಲಿ ಕನ್ನಡ ಪುಸ್ತಕ ಪ್ರಕಟಿಸಲು ಹೊರಟವರು ಮೊದಲು ಕೇಳುವುದು ಫಾರ್ಮಿಗೆ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ, ಎಷ್ಟು ಬೀಳುತ್ತದೆ ಎಂದು. ನಾನು ಕೇಳುವುದು ನಿಮ್ಮ ಮಂಚದಡಿ ಎಷ್ಟು ಜಾಗ ಇದೆ ಎಂದು. ತಮಾಷೆ ಅಲ್ಲ ಮಾರಾಯ್ರೆ. ಡೆಮಿ ಅಷ್ಟಪತ್ರದ (ಕತೆ-ಕವಿತೆ ಪುಸ್ತಕಗಳ ಮಾಮೂಲಿ ಅಳತೆ) 128 ಪುಟ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್ಲಿತೋ ಎಂಬ ಅಚ್ಚಿನ ಕಾಗದ, ರಕ್ಷಾಪುಟ ಎಲ್ಲ ಸೇರಿ ಒಂದು ಪ್ರತಿ ಸುಮಾರು 150 ಗ್ರಾಂ ತೂಗುತ್ತದೆ. ಸಾವಿರ ಪ್ರತಿ ಹಾಕಿಸಿದರೆ ಒಂದೂವರೆ ಕ್ವಿಂಟಲ್. ಡೊಂಬಿವಲಿಯ ನಮ್ಮಂಥ ಒಂದು ಬೆಡ್‌ರೂಮಿನ ಮನೆಗೆ ಅದು ಬಂದು ಕೂತರೆ ಮನುಷ್ಯರು ಎದ್ದು ಹೋಗಬೇಕು.

ಸಾವಿರ ಹಾಕಿಸಿ, ಒಂದೊಂದಕ್ಕೆ ಅಗ್ಗವಾಗುತ್ತದೆ ಎಂದು ಮುದ್ರಕರು ಹೇಳುತ್ತಾರೆ. ಮಾರಿಹೋದ ಪುಸ್ತಕಕ್ಕೆ ಮಾತ್ರ ಆ ಲೆಕ್ಕ ಸರಿ. ಆದ್ದರಿಂದ ಹಸ್ತಪ್ರತಿ ಒಪ್ಪಿದ ದಿನವೇ ಲೇಖಕರನ್ನು ಕೂರಿಸಿ, ದುಡ್ಡು ಕೊಟ್ಟು ಕೊಳ್ಳುವವರ ಪಟ್ಟಿ ಬರೆಸಿ. ಹೆಸರು ಹಿಡಿದೇ ಬರೆಸಬೇಕು. "ನಮ್ಮ ಸಂಘದವರೆಲ್ಲ ತಗೊಳ್ತಾರೆ" ಎಂದರೆ ಅದು ಪಟ್ಟಿಯಾಗುವುದಿಲ್ಲ. ಗೌರವಪ್ರತಿಗೆ ಕಾಯುವ ನೆಂಟರನ್ನು ಹೊಡೆದುಹಾಕಿ, ಉಳಿದದ್ದರ ಅರ್ಧ ನಂಬಿ. ಕವಿತೆಯಾದರೆ ಅದಕ್ಕೂ ಕಡಿಮೆ. ಇನ್ನೂರರೊಳಗೆ ಬಂದರೆ ಡಿಜಿಟಲ್ ಮುದ್ರಣ ಸಾಕು. ಮುನ್ನೂರು ದಾಟಿದರೆ ಆಫ್‌ಸೆಟ್ ದರ ಕೇಳಿ. ಪುಟಗಳನ್ನು ಹದಿನಾರರ ಲೆಕ್ಕದಲ್ಲಿ ಹೊಂದಿಸಿಕೊಳ್ಳಿ. ಮುನ್ನುಡಿ, ಹಿನ್ನುಡಿ, ಬೆನ್ನುಡಿ, ಆಶಯನುಡಿ ಎಲ್ಲ ಬೇಕೆನ್ನುವವರು ನಮ್ಮಲ್ಲಿ ಬಹಳ. ಎರಡು ಪುಟದ ಪ್ರಶಂಸೆಗಾಗಿ ಇನ್ನೊಂದು ಫಾರ್ಮು ಏರಿಸಬೇಡಿ.

ಹೆಚ್ಚು ಹೊತ್ತು ಹಿಡಿಯುವುದು, ಹಿಡಿಯಬೇಕಾದದ್ದೂ, ಕರಡಿನ ಕೆಲಸ. ಇಲ್ಲಿಯ ಲೇಖಕರು ಹೋಟೆಲಿನ ಗಲ್ಲಾದಲ್ಲಿ ಕೂತು, ಲೋಕಲ್ಲಿನಲ್ಲಿ ಮೊಬೈಲ್ ಕುಟ್ಟುತ್ತಾ ಬರೆದವರು. ಒಂದು ಕತೆ ಕೈಬರಹದಲ್ಲಿ, ಇನ್ನೊಂದು ಹಳೆಯ ನುಡಿ ತಂತ್ರಾಂಶದ ಫೈಲಿನಲ್ಲಿ, ಮೂರನೆಯದು ವಾಟ್ಸಾಪಿನಲ್ಲಿ ಬರುತ್ತದೆ. ನುಡಿಯಿಂದ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕಳಚಿಕೊಳ್ಳುತ್ತವೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕೂತಿದ್ದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆ ಪದವನ್ನು ಹುಡುಕಿದರೆ ಫೈಲಿನಲ್ಲಿ ಸಿಗುವುದೂ ಇಲ್ಲ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವವರಿಗೆ ಅದರೊಳಗಿನ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಲು ಮೊದಲೇ ಹೇಳಿ, ಇಲ್ಲವಾದರೆ ಯೂನಿಕೋಡ್ ಕನ್ನಡದ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. ಕರಡನ್ನು ಕಾಗದದ ಮೇಲೆ ತೆಗೆದೇ ಓದಿ. ಎರಡನೆಯ ಓದು ಲೇಖಕರದ್ದಾಗಬಾರದು.

ತಿದ್ದುವಾಗ ಕೈ ಬಿಗಿ ಹಿಡಿಯಿರಿ. ಕಾಮಾಠಿಪುರದ ಕತೆಯಲ್ಲಿ ಪಾತ್ರ ಕೋಣೆಗೆ "ಖೋಲಿ" ಎಂದರೆ ಅದು ಖೋಲಿಯೇ ಇರಲಿ. ಉಡುಪಿಯ ಕಡೆಯವರ "ಹೇಳಿದ್ದಲ್ವಾ ಮಾರಾಯ" ಕಲಬುರಗಿಯವರ ಬಾಯಲ್ಲಿ ಬರಬಾರದು, ಇವರದ್ದು ಅವರ ಬಾಯಲ್ಲೂ ಬೇಡ. ಊರುಗಳ ಹೆಸರಿಗೆ ಮಾತ್ರ ಒಂದು ಕಾಗುಣಿತ ನಿಶ್ಚಯಿಸಿ ಗೋಡೆಗೆ ಅಂಟಿಸಿಕೊಳ್ಳಿ: ಮಾಟುಂಗವೋ ಮಾಟುಂಗಾವೋ, ಯಾವುದಾದರೂ ಒಂದು.

ಮುದ್ರಣಕ್ಕೆ ಕೊಡುವ ಮೊದಲು ಲೇಖಕರೊಡನೆ ಒಂದು ಹಾಳೆಯ ಕರಾರು ಆಗಲಿ. "ನಾವು ನಾವೇ ಅಲ್ವಾ" ಎನ್ನುವವರ ಹತ್ತಿರ ಮೊದಲು ಸಹಿ ಹಾಕಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ತಿಳಿಯಲಾಗುತ್ತದೆ. ಅನುವಾದ, ನಾಟಕ, ಆಡಿಯೋ ಹಕ್ಕು ಲೇಖಕರಲ್ಲೇ ಬಿಡಿ. ನಮ್ಮಂಥವರು ಅದನ್ನು ಇಟ್ಟುಕೊಂಡು ಮಾಡುವುದೇನು?

ಬೆಲೆಯನ್ನು ಹಿಂದಿನಿಂದ ಲೆಕ್ಕ ಹಾಕಿ. ಮುಖಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಗೆ ಶೇ. 35 ಕೊಟ್ಟರೆ 70, ಲೇಖಕರ ಗೌರವಧನ ಶೇ. 10 ಎಂದರೆ 20. ಕೈಯಲ್ಲಿ ಉಳಿಯುವ 110ರಲ್ಲಿ ಡಿಟಿಪಿ (ಅಕ್ಷರ ಜೋಡಣೆ), ರಕ್ಷಾಪುಟ, ಮುದ್ರಣ, ಸಾಗಣೆ ಎಲ್ಲ ಮುಗಿಯಬೇಕು. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಮುದ್ರಕರ ಬಿಲ್ಲಿಗೆ ಇರುತ್ತದೆ. ಕರ್ನಾಟಕ ಸರ್ಕಾರದ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ಹಣವನ್ನು ಬಜೆಟ್ಟಿನಲ್ಲಿ ಬರೆಯಬೇಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಿದರಾಯಿತು. ಕೊಡಿಸುತ್ತೇವೆಂದು ದುಡ್ಡು ಕೇಳುವ ಏಜೆಂಟರನ್ನು ಬಾಗಿಲಲ್ಲೇ ಕಳಿಸಿ.

ಬಿಡುಗಡೆ ಸಮಾರಂಭವೇ ನಮ್ಮ ಪುಸ್ತಕದಂಗಡಿ. ಭಾನುವಾರ ಇಟ್ಟುಕೊಳ್ಳಿ, ಆದರೆ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವುದು) ಎಲ್ಲಿದೆ ಎಂದು ನೋಡಿಕೊಂಡು. ಸೆಂಟ್ರಲ್ ಲೈನಿನವರೂ ಹಾರ್ಬರಿನವರೂ ಬರಬೇಕಾದರೆ ಸಂಜೆ ಐದರ ನಂತರ, ಮಾಟುಂಗದಲ್ಲಿ ಮಾಡುವುದು ಒಳ್ಳೆಯದು. ಕನ್ನಡಿಗರ ಸಂಸ್ಥೆ ಮೈಸೂರ್ ಅಸೋಸಿಯೇಶನ್ ಅಲ್ಲೇ ಇದೆ. ಭಾಷಣಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಕರೆದರೆ ಸಭಿಕರು 7.40ರ ಲೋಕಲ್ ನೆನೆಸಿಕೊಂಡು ಎದ್ದುಹೋಗುತ್ತಾರೆ, ಪುಸ್ತಕ ಮೇಜಿನ ಮೇಲೆ ಉಳಿಯುತ್ತದೆ. ಮೇಜು ಬಾಗಿಲ ಬಳಿ ಇರಲಿ, ಚಹಾ ಅದರ ಪಕ್ಕದಲ್ಲಿ, ಯುಪಿಐ ಕ್ಯೂಆರ್ ದೊಡ್ಡದಾಗಿ ಕಾಣಲಿ. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳಗಳು ಮುಂಬೈಗೆ ಬರುತ್ತವೆ. ಆಟದ ಸಭಾಗೃಹದ ಹೊರಗೆ ಒಂದು ಮೂಲೆ ಕೇಳಿ ಪಡೆಯಿರಿ. ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಒಂದು ಪ್ರತಿ ತಪ್ಪದೆ ಮುಟ್ಟಿಸಿ, ಅಲ್ಲಿ ಸಂಶೋಧನೆ ಮಾಡುವವರಿಗೆ ಮುಂಬೈ ಲೇಖಕರು ಬೇಕು.

ಅಂಚೆಗೆ 2025ರ ಮೇ 1ರಿಂದ ಶುರುವಾದ ಜ್ಞಾನ ಪೋಸ್ಟ್ ಇದೆ, ಪುಸ್ತಕಗಳಿಗೆ ಅಗ್ಗದ ದರದ ಅಂಚೆ ಸೇವೆ. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಕೊನೆಯ ಪುಟದಲ್ಲಿ ಶೆಟ್ಟರ ಹೋಟೆಲಿನ ಜಾಹೀರಾತು ಹಾಕುವ ನಮ್ಮ ಹಳೆಯ ಪದ್ಧತಿ ಇಲ್ಲಿ ಅಡ್ಡ ಬರುತ್ತದೆ. ಶೆಟ್ಟರನ್ನು ಬಿಡುಗಡೆಯ ಚಹಾ-ತಿಂಡಿಗೆ ಒಪ್ಪಿಸಿ.

ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ ಬಗೆಗಿನ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತ, ಚೆನ್ನೈ, ದೆಹಲಿ, ಮುಂಬೈಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲಿ ಕಳಿಸಬೇಕು. ಸಣ್ಣ ಪ್ರಕಾಶಕರು ಇದನ್ನು ಮರೆಯುವುದೇ ಹೆಚ್ಚು.

ಉಳಿದ ಕಟ್ಟುಗಳನ್ನು ಜೂನ್‌ಗೆ ಮೊದಲು ನೆಲದಿಂದ ಎತ್ತಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಮಾರ್ಚ್ ಕೊನೆಗೆ ಎಣಿಸಿ, ಎಷ್ಟು ಹೋಯಿತು, ಎಷ್ಟು ಇದೆ ಎಂದು ಲೇಖಕರಿಗೆ ಬರೆದು ಕಳಿಸಿ. ಜೊತೆಗೆ ಚೆಕ್ಕನ್ನೂ ಕಳಿಸಿ, 380 ರೂಪಾಯಿಯದ್ದಾದರೂ ಸರಿ.