ಅಡಿಕೆ ಸಸಿ ನಾನೇ ಪ್ಯಾಕೆಟ್‌ನಲ್ಲಿ ಬೆಳೆಸ್ಕೊಂಡಿದ್ದು – ನನ್ನ ಅನುಭವ

ತರೀಕೆರೆ ಕಡೆ ಈಗ ರಾಗಿ, ಜೋಳ ಹಾಕ್ತಿದ್ದ ಹೊಲಕ್ಕೂ ಬೋರ್ ಹೊಡ್ಸಿ ಅಡಿಕೆ ಇಡ್ತಿದಾರೆ, ಹಂಗಾಗಿ ಮಳೆಗಾಲ ಬಂತು ಅಂದ್ರೆ ಸಸಿಗೆ ಎಲ್ಲಿಲ್ಲದ ಡಿಮ್ಯಾಂಡು. ಟ್ರ್ಯಾಕ್ಟರ್ ತುಂಬಾ ಬರೋ ಸಸಿ ಯಾವ ಮರದ ಬೀಜದ್ದು ಅಂತ ಎಷ್ಟೋ ಸಲ ಮಾರೋರಿಗೇ ಗೊತ್ತಿರಲ್ಲ. ಇಟ್ಟ ಮೇಲೆ ಫಸಲು ನೋಡೋಕೆ 5–6 ವರ್ಷ ಕಾಯ್ಬೇಕು, ಆಮೇಲೆ ಮಕ್ಕಳ ಕಾಲಕ್ಕೂ ಅದೇ ಮರ. ಅದಕ್ಕೇ ಹೊಸ ತೋಟಕ್ಕೆ ಸಸಿ ನಾನೇ ಮಾಡ್ಕೊಂಡೆ.

ಮೊದ್ಲು ಮರ ಆರಿಸ್ಬೇಕು. ನಮ್ ಕಡೆ ಬೇಯಿಸಿ ಒಣಗಿಸೋ ಕೆಂಪಡಿಕೆಗೆ ಅಂತ ಕಾಯಿ ಹಸಿರಿದ್ದಾಗ್ಲೇ ಕೊಯ್ಯೋದಲ್ವಾ, ಹಂಗಾಗಿ ಬೀಜಕ್ಕೆ ಹಣ್ಣಡಿಕೆ ಬೇಕು ಅಂದ್ರೆ ಚೇಣಿ (ಮರದ ಮೇಲಿನ ಫಸಲನ್ನ ವ್ಯಾಪಾರಿಗೆ ಗುತ್ತಿಗೆ) ಕೊಡೋಕೆ ಮುಂಚೇನೇ ಮರಕ್ಕೆ ಸುಣ್ಣದ ಗುರುತು ಹಾಕಿ ಈ ಗೊನೆ ಮುಟ್ಬೇಡಿ ಅಂತ ಹೇಳಿಡ್ಬೇಕು. 10 ವರ್ಷ ದಾಟಿರೋ ಮರ, ತಲೆ ತುಂಬಾ ಸೋಗೆ (ಅಡಿಕೆ ಗರಿ), ಗೆಣ್ಣು ಹತ್ತಿರ ಹತ್ತಿರ, ವರ್ಷಾ ವರ್ಷಾ ಒಂದೇ ಥರ ಫಸಲು ಕೊಟ್ಟಿರ್ಬೇಕು. ಒಂದ್ ವರ್ಷ ಭರ್ಜರಿ ಬಿಟ್ಟು ಮಾರನೇ ವರ್ಷ ಕೈ ಕೊಡೋ ಮರ ಬೇಡ. ಮಂಗಳ, ಮೋಹಿತ್‌ನಗರ ಅಂತ ಬಿಡುಗಡೆಯಾದ ತಳಿ ಇದಾವೆ, ನಾನು ಮಾತ್ರ ನಮ್ ನೀರು ಮಣ್ಣಿಗೆ ಒಗ್ಗಿರೋ ಊರಿನ ಮರದ್ದೇ ತಗೊಂಡೆ.

ಹಣ್ಣು 35 ಗ್ರಾಂಗಿಂತ ಮೇಲೆ ತೂಗ್ಬೇಕು. ಆಮೇಲೆ ಡ್ರಮ್‌ನಲ್ಲಿ ನೀರು ತುಂಬಿ ಹಣ್ಣು ಸುರೀರಿ, ಇದನ್ನ ದಯವಿಟ್ಟು ಎಲ್ರೂ ಮಾಡಿ. ಕೆಲವು ಹಣ್ಣು ಅಡ್ಡಡ್ಡ ಮಲಗಿ ತೇಲ್ತಾವೆ, ಕೆಲವು ತೊಟ್ಟು ಮೇಲಕ್ಕೆ ಮಾಡ್ಕೊಂಡು ನೆಟ್ಟಗೆ ನಿಂತು ತೇಲ್ತಾವೆ. ನೆಟ್ಟಗೆ ನಿಂತಿದ್ದೇ ಬೀಜಕ್ಕೆ, ಅದ್ರಿಂದ ಬರೋ ಸಸಿ ಜೋರಾಗಿರುತ್ತೆ. ಮಿಕ್ಕಿದ್ದು ಗೋಟಿಗೆ, ಅಂದ್ರೆ ಹಣ್ಣಡಿಕೆ ಒಣಗಿಸಿ ಸುಲಿಯೋದಕ್ಕೆ ಹಾಕ್ಕೊಳ್ಳಿ, ಏನೂ ನಷ್ಟ ಇಲ್ಲ.

ಬೀಜದ ಹಣ್ಣನ್ನ ಒಣಗಿಸ್ಬಾರ್ದು, ಸಿಪ್ಪೆ ಸಮೇತ ಹಂಗೇ ಮರಳಿನ ಮಡೀಲಿ ತೊಟ್ಟು ಮೇಲೆ ಬರೋ ಹಂಗೆ ಎರಡೆರಡು ಇಂಚಿಗೆ ಒಂದು ಇಟ್ಟು ಮೇಲೆ ತೆಳ್ಳಗೆ ಮರಳು ಎಳೆದು ದಿನಾ ನೀರು ಚಿಮುಕಿಸ್ಬೇಕು. ಒಂದೂವರೆ ತಿಂಗಳಿಗೆ ಮೊಳಕೆ ಶುರು, ಕೆಲವು 3 ತಿಂಗಳೂ ತಗೊಳ್ತಾವೆ. ತೀರಾ ತಡವಾಗಿ ಎದ್ದಿದ್ದನ್ನ ನಾನು ಪ್ಯಾಕೆಟ್‌ಗೆ ಹಾಕ್ಲಿಲ್ಲ.

ಎರಡು ಮೂರು ಎಲೆ ಬಿಟ್ಮೇಲೆ ಪ್ಯಾಕೆಟ್‌ಗೆ. 25 ಸೆಂಟಿಮೀಟರ್ ಉದ್ದ 15 ಅಗಲದ ಕವರು, ಸುತ್ತ ತೂತು ಇರ್ಲೇಬೇಕು, ನೀರು ನಿಂತ್ರೆ ಬೇರು ಕೊಳೆಯುತ್ತೆ. 7 ಬುಟ್ಟಿ ಮೇಲ್ಮಣ್ಣಿಗೆ 3 ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 2 ಬುಟ್ಟಿ ಮರಳು. ಬಿಸಿ ಆರದ ಹಸಿ ಗೊಬ್ಬರ ಮಾತ್ರ ಹಾಕ್ಬೇಡಿ. ಮೇಲೆ ಸೋಗೆ ಚಪ್ಪರ ಹಾಕಿದ್ದೆ, ಶೇಡ್ ನೆಟ್ಟೂ ನಡಿಯುತ್ತೆ, ಆದ್ರೆ ಒಂದು ಬೇಸಿಗೆ ಪೂರ್ತಿ ಸಸಿ ಅದರಡಿಗೇ ಇರೋದ್ರಿಂದ ನಾಟಿ ಹತ್ರ ಬಂದಂಗೆ ಸ್ವಲ್ಪ ಸ್ವಲ್ಪಾನೇ ಸೋಗೆ ತೆಗೀತಾ ಬಿಸಿಲಿಗೆ ಒಗ್ಗಿಸ್ಬೇಕು. ಆವಾಗಾವಾಗ ಪ್ಯಾಕೆಟ್ ಎತ್ತಿ ಜಾಗ ಬದಲಾಯಿಸ್ತಾ ಇದ್ರೆ ಬೇರು ಕೆಳಗಿನ ನೆಲಕ್ಕೆ ಇಳಿಯಲ್ಲ.

12ರಿಂದ 18 ತಿಂಗಳೊಳಗೆ ಸಸಿ ನಾಟಿಗೆ ರೆಡಿ. ಇಲ್ಲೇ ಜನ ಉದ್ದ ನೋಡಿ ಮೋಸ ಹೋಗೋದು. ಪಕ್ಕದ ತೋಟದ ಅಣ್ಣ ಬಂದು, "ಏನಪ್ಪ, ಸೊಂಟದುದ್ದ ಐತೆ, ಇದನ್ನ ಬಿಟ್ಟು ಈ ಗಿಡ್ಡಂದು ಎತ್ತಿಟ್ಟಿದೀಯಲ್ಲ" ಅಂದ್ರು. ಪಕ್ಕಕ್ಕೆ ಕೂರಿಸ್ಕೊಂಡು ಲೆಕ್ಕ ತೋರಿಸ್ದೆ. ಎಲೆ ಎಷ್ಟಿದಾವೋ ಅದನ್ನ 40ರಿಂದ ಗುಣಿಸಿ, ಅದ್ರಲ್ಲಿ ಸಸಿ ಎತ್ತರ ಸೆಂಟಿಮೀಟರ್‌ನಲ್ಲಿ ಕಳೀಬೇಕು, ಜಾಸ್ತಿ ಬಂದಿದ್ದೇ ಒಳ್ಳೆ ಸಸಿ. ಅವರು ತೋರಿಸಿದ್ದು 4 ಎಲೆ, 90 ಸೆಂಟಿಮೀಟರ್, ಅಂದ್ರೆ 160ರಲ್ಲಿ 90 ಹೋದ್ರೆ 70. ನನ್ನ ಗಿಡ್ಡಂದು 5 ಎಲೆ, 60 ಸೆಂಟಿಮೀಟರ್, 200ರಲ್ಲಿ 60 ಹೋದ್ರೆ 140. ಅಣ್ಣ ಟೇಪ್ ಇಸ್ಕೊಂಡು ಸಂಜೆವರ್ಗೂ ತಾವೇ ಅಳೀತಾ ಕೂತ್ರು. ಬುಡ ದಪ್ಪ, ಎಲೆ ಜಾಸ್ತಿ, ಎತ್ತರ ಕಮ್ಮಿ, ಇಷ್ಟು ನೆನಪಿಟ್ಕೊಳ್ಳಿ. 9 ಅಡಿಗೆ 9 ಅಡಿ ಲೆಕ್ಕದಲ್ಲಿ ಎಕರೆಗೆ ಸುಮಾರು 540 ಸಸಿ ಬೇಕಾಗುತ್ತೆ, ಇಷ್ಟೆಲ್ಲಾ ಆರಿಸಿ ತೆಗೀಬೇಕು ಅಂದ್ರೆ ಬೀಜ ಅದರ ಎರಡರಷ್ಟಾದ್ರೂ ಹಾಕಿ.

ನೀರು ಬಸಿಯೋ ಮಣ್ಣಾದ್ರೆ ಮುಂಗಾರು ಶುರುವಿನಲ್ಲೇ ನಾಟಿ ಮಾಡಿ, ಜಿಗಟು ಮಣ್ಣಾದ್ರೆ ಜೋರು ಮಳೆ ಕಳೀಲಿ, ಆಗಸ್ಟ್ ಸೆಪ್ಟೆಂಬರ್ ಸಾಕು. ಕವರ್ ಬ್ಲೇಡ್‌ನಲ್ಲಿ ಸೀಳಿ ತೆಗೀರಿ, ಸಸಿ ಹಿಡಿದು ಎಳೀಬೇಡಿ, ಮಣ್ಣಿನ ಹೆಂಟೆ ಒಡೀಬಾರ್ದು. ಬುಡದ ಮಟ್ಟಕ್ಕಷ್ಟೇ ಮಣ್ಣು ಎಳೆದು ಕಾಲಲ್ಲಿ ಮೆಲ್ಲಗೆ ಒತ್ತಿ. ಸಾಲಿನ ನಡುವೆ ಬಾಳೆ ಮೊದ್ಲೇ ಇಟ್ಟಿದ್ರೆ ನೆರಳು ಸಿಗುತ್ತೆ, ಇಲ್ಲಾಂದ್ರೆ ಪಡುವಣ ದಿಕ್ಕಿನ ಬಿಸಿಲು ತಾಗದ ಹಂಗೆ ಸೋಗೆ ಮರೆ ಕಟ್ಟಿ.