ಕಾಕರ್ ಸ್ಪ್ಯಾನಿಯಲ್ ಸಾಕುವವರು ಮೊದಲು ಕಿವಿ ನೋಡಿ

ರೇಷ್ಮೆಯಂಥ ಕೂದಲು, ಜೋತುಬಿದ್ದ ಕಿವಿ, ಸದಾ ಅಲ್ಲಾಡುವ ಬಾಲ ಕಂಡು ಮರುಳಾಗಿ ಕಾಕರ್ ಸ್ಪ್ಯಾನಿಯಲ್ ಮರಿಯನ್ನು ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ತರುವವರು, ಅದು ಇಂಗ್ಲೆಂಡಿನಲ್ಲಿ ಬೇಟೆಗೆಂದೇ ಬೆಳೆಸಿದ ತಳಿ ಎಂಬುದನ್ನು ತಿಳಿದಿರಬೇಕು. ಪೊದೆಯೊಳಗೆ ನುಗ್ಗಿ ವುಡ್‌ಕಾಕ್ ಹಕ್ಕಿಯನ್ನು ಎಬ್ಬಿಸುವುದು, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲೂರದಂತೆ ಕಚ್ಚಿ ತಂದೊಪ್ಪಿಸುವುದು ಅದರ ಕಸುಬಾಗಿತ್ತು. ಬೆಳೆದ ನಾಯಿ ಸುಮಾರು 40 ಸೆಂಟಿಮೀಟರ್ ಎತ್ತರ, 13ರಿಂದ 15 ಕಿಲೋ ತೂಕವಿರುತ್ತದೆ. ಚೆನ್ನಾಗಿ ನೋಡಿಕೊಂಡರೆ 12 ವರ್ಷ ದಾಟಿ ಬದುಕುತ್ತದೆ.

ಆರೈಕೆಯನ್ನು ಕಿವಿಯಿಂದ ಆರಂಭಿಸಬೇಕು, ಏಕೆಂದರೆ ಈ ತಳಿಯ ತೊಂದರೆಗಳಲ್ಲಿ ಹಲವು ಅಲ್ಲಿಯೇ ಹುಟ್ಟುತ್ತವೆ. ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಅದರ ಮೇಲೆ ಕೂದಲು ತುಂಬಿದ ಭಾರದ ಕಿವಿ ಮುಚ್ಚಿಕೊಂಡಿರುವುದರಿಂದ ಗಾಳಿಯಾಡದೆ ತೇವ ನಿಂತು, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಸುಲಭವಾಗಿ ಬೆಳೆಯುತ್ತವೆ. ವಾರಕ್ಕೊಮ್ಮೆಯಾದರೂ ಕಿವಿಯನ್ನು ಮಡಚಿ ಹಿಡಿದು ಬೆಳಕಿನಲ್ಲಿ ನೋಡಿ, ಮೂಸಿ ನೋಡಿ. ಆರೋಗ್ಯವಾದ ಕಿವಿ ತಿಳಿ ಗುಲಾಬಿ ಬಣ್ಣದ್ದಾಗಿದ್ದು ವಾಸನೆ ಬರುವುದಿಲ್ಲ. ಹುಳಿವಾಸನೆ, ಕಂದು ಗುಗ್ಗೆ, ಪದೇ ಪದೇ ತಲೆ ಕೊಡವುವುದು ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಸ್ವಚ್ಛಗೊಳಿಸಲು ವೈದ್ಯರು ಬರೆದುಕೊಟ್ಟ ದ್ರಾವಣವನ್ನು ಕಿವಿಗೆ ಬಿಟ್ಟು, ಬುಡವನ್ನು ಮೆಲ್ಲಗೆ ನೀವಿ, ನಾಯಿ ತಲೆ ಕೊಡವಿದ ಮೇಲೆ ಹೊರಗೆ ಬಂದದ್ದನ್ನಷ್ಟೇ ಹತ್ತಿಯಿಂದ ಒರೆಸಿ. ಹತ್ತಿ ಸುತ್ತಿದ ಕಡ್ಡಿ ಕೊಳೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಕಿವಿಗೆ ಕೊಬ್ಬರಿ ಎಣ್ಣೆ ಬಿಡುವ ನಮ್ಮ ಮನೆಗಳ ರೂಢಿಯನ್ನು ಇಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು.

ಕಿವಿಯ ಒಳಬದಿಯ ಮತ್ತು ಬೆರಳುಗಳ ಸಂದಿನ ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಸಿ ಚಿಕ್ಕದಾಗಿಡಬೇಕು. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಉತ್ತರಾಣಿ, ನೆಗ್ಗಿಲ ಮುಳ್ಳು ಮತ್ತು ಚೂಪು ತುದಿಯ ಹುಲ್ಲಿನ ಬೀಜ ಹೇರಳವಾಗಿರುವುದರಿಂದ, ಸುತ್ತಾಡಿ ಬಂದ ಕೂಡಲೇ ಕಿವಿಯಂಚು, ಕಂಕುಳು, ಪಾದಗಳನ್ನು ಬೆರಳಿನಿಂದ ತಡವಿ ಪರೀಕ್ಷಿಸಿ. ಹುಲ್ಲಿನ ಬೀಜ ಕಿವಿಯೊಳಗೆ ಇಳಿದರೆ ತಾನಾಗಿ ಹಿಂದಕ್ಕೆ ಬರುವುದಿಲ್ಲ. ನಾಯಿ ಹಠಾತ್ತನೆ ಒಂದೇ ಬದಿಗೆ ತಲೆ ವಾಲಿಸಿ ನಿಂತರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಭದ್ರಾ ನಾಲೆ ಅಥವಾ ಕೆರೆಯಲ್ಲಿ ಇಳಿದಾಡಿ ಬಂದರೆ ಕಿವಿಯನ್ನು ಬಟ್ಟೆಯಿಂದ ಒತ್ತಿ ಒಣಗಿಸಿ. ಊಟದ ಪಾತ್ರೆಯ ಬಾಯಿ ಕಿರಿದಾಗಿ, ಸ್ವಲ್ಪ ಆಳವಾಗಿದ್ದರೆ ಕಿವಿಗಳು ಹೊರಗೇ ಉಳಿದು ಅನ್ನ, ನೀರು ಮೆತ್ತಿಕೊಳ್ಳುವುದಿಲ್ಲ.

ಮೈಗೂದಲನ್ನು ದಿನವೂ ಬಾಚಬೇಕು. ಬೇಸಿಗೆಯೆಂದು ಬೋಳಿಸಿಬಿಟ್ಟರೆ ಚರ್ಮ ನೇರವಾಗಿ ಬಿಸಿಲಿಗೆ ಸಿಗುತ್ತದೆ, ಮತ್ತೆ ಬರುವ ಕೂದಲೂ ಎಷ್ಟೋ ಸಲ ಮೊದಲಿನಂತಿರುವುದಿಲ್ಲ.

ಚಿತ್ರದುರ್ಗದ ಬಂಡೆಗಳೂ ದಾವಣಗೆರೆಯ ಡಾಂಬರು ರಸ್ತೆಗಳೂ ಏಪ್ರಿಲ್‌ನಲ್ಲಿ ಸಂಜೆಯಾದರೂ ತಣಿಯುವುದಿಲ್ಲವಾದ್ದರಿಂದ, ವಾಕಿಂಗ್ ಅನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಮುಗಿಸಬೇಕು. ಅಂಗೈ ಹಿಂಬದಿಯನ್ನು ಏಳು ಸೆಕೆಂಡು ನೆಲದ ಮೇಲಿಡಲಾಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಆದರೆ ಮೂಗಿಗೆ ಕೆಲಸವಿಲ್ಲದ ಸ್ಪ್ಯಾನಿಯಲ್ ಬೇಸರದಿಂದ ಚಪ್ಪಲಿ ಕಡಿಯುತ್ತದೆ, ಗುಂಡಿ ತೋಡುತ್ತದೆ. ಹಳೆಯ ಟವೆಲ್ಲಿನ ಮಡಿಕೆಯಲ್ಲೋ ಗಿಡದ ಬುಡದಲ್ಲೋ ತಿನಿಸನ್ನು ಬಚ್ಚಿಟ್ಟು ಹುಡುಕಿಸಿದರೆ, ಚೆಂಡನ್ನು ಎಸೆದು ತರಿಸಿದರೆ ಅದರ ಹುಟ್ಟುಗುಣಕ್ಕೆ ದಾರಿ ಸಿಗುತ್ತದೆ.

ಇದು ತಿಂಡಿಪೋಕ ತಳಿ. ಆಸೆಗಣ್ಣಿಗೆ ಕರಗಿ ಬೆಣ್ಣೆದೋಸೆಯ ಚೂರು, ಮಿರ್ಚಿ ಕೊಡುತ್ತಾ ಹೋದರೆ ಬೊಜ್ಜು ಬರುತ್ತದೆ, ಮೇದೋಜೀರಕ ಗ್ರಂಥಿಯ ಉರಿಯೂತವೂ ಬರಬಹುದು. ಪಕ್ಕೆಲುಬು ಕಾಣದಿದ್ದರೂ ಕೈಯಾಡಿಸಿದರೆ ತಾಗುವಂತಿರಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಮರಿಗೆ ಆರರಿಂದ ಎಂಟು ವಾರದಿಂದ ಲಸಿಕೆ ಆರಂಭಿಸಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ಜಾನುವಾರುಗಳಿರುವ ಮನೆಗಳಲ್ಲಿ ಉಣ್ಣಿ ತಪ್ಪದು. ಅವು ರಕ್ತದ ಕಣಗಳಿಗೆ ತಗಲುವ ಜ್ವರಗಳನ್ನು ಹರಡುತ್ತವೆ. ಜ್ವರ, ಮಂಕು, ಬಿಳಿಚಿದ ಒಸಡು ಕಂಡರೆ ರಕ್ತಪರೀಕ್ಷೆ ಮಾಡಿಸಿ. ಎಮ್ಮೆ, ದನಗಳಿಗೆಂದು ತಂದಿಟ್ಟ ಉಣ್ಣಿ ಔಷಧವನ್ನು ಮಾತ್ರ ಯಾವ ಕಾರಣಕ್ಕೂ ನಾಯಿಯ ಮೈಗೆ ಸುರಿಯಬೇಡಿ. ನಾಯಿಯ ತೂಕ ನೋಡಿ ವೈದ್ಯರು ಹೇಳುವ ಔಷಧವನ್ನೇ ಬಳಸಿ.