ಇಗ್ನಿಷನ್ ಡಬ್ಬಿಗೆ ಬೈಯುವ ಮುಂಚೆ ಅರ್ಥಿಂಗ್ ನೋಡಿ

ನನ್ನ 12 ವೋಲ್ಟಿನ ಹಳೇ ಬುಲೆಟ್‌ಗೆ ಪಾಯಿಂಟ್ (ಪ್ಲಗ್ಗಿನ ಕಿಡಿಗಾಗಿ ಕರೆಂಟ್ ಕಡಿದುಬಿಡುವ ಹಳೇ ಮೆಕ್ಯಾನಿಕಲ್ ಸ್ವಿಚ್) ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಡಬ್ಬಿ ಹಾಕಿಸಿದ್ದೆ. ಹಗಲಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ರಾತ್ರಿ ಹೆಡ್‌ಲೈಟ್ ಹಾಕಿ, ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತರೆ ಮಿಸ್ ಹೊಡೆದು ಆಫ್ ಆಗುತ್ತಿತ್ತು. ಗ್ಯಾರೇಜಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಆ ಡಬ್ಬಿ ಕಿತ್ತಾಕಿ ಸಾರ್, ಪಾಯಿಂಟೇ ವಾಸಿ."

ಲೈಟ್ ಹಾಕಿದಾಗ ಮಾತ್ರ ಕಾಟ ಅಂದರೆ ಕರೆಂಟ್ ಸಾಲುತ್ತಿಲ್ಲ ಅಂತ ಅಲ್ವಾ? ಪಾಯಿಂಟ್ ಇದ್ದರೆ ಬ್ಯಾಟರಿ ಸೊರಗಿದರೂ ಬಡಕಲು ಕಿಡಿಯಲ್ಲೇ ಗಾಡಿ ಹೇಗೋ ಮನೆ ಸೇರುತ್ತೆ. ಎಲೆಕ್ಟ್ರಾನಿಕ್ ಡಬ್ಬಿ ಹಾಗಲ್ಲ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಕೈ ಎತ್ತಿಬಿಡುತ್ತೆ.

ಮಲ್ಟಿಮೀಟರ್ ಹಿಡಿದು ಕೂತೆ. ಎಂಜಿನ್ ರೇಸ್ ಮಾಡಿದಾಗ ಬ್ಯಾಟರಿಯಲ್ಲಿ 14ರ ಆಸುಪಾಸು ತೋರಿಸಬೇಕು. ನನ್ನದು 12.6 ದಾಟಲೇ ಇಲ್ಲ. ಸ್ಟೇಟರ್ (ಆಲ್ಟರ್ನೇಟರಿನಲ್ಲಿ ಕರೆಂಟ್ ಹುಟ್ಟುವ ಕಾಯಿಲ್) ಕನೆಕ್ಟರ್ ಬಿಚ್ಚಿ ಎಸಿ ವೋಲ್ಟೇಜ್ ನೋಡಿದೆ, ರೇಸ್ ಕೊಟ್ಟಷ್ಟೂ ಏರುತ್ತಿತ್ತು. ವೈರಿಗೂ ಬಾಡಿಗೂ ಶಾರ್ಟ್ ಇರಲಿಲ್ಲ. (ಸ್ಟೇಟರ್ ಕೂತಿರುವ ಪ್ರೈಮರಿ ಕೇಸಿನಿಂದ ವೈರ್ ಹೊರಬರುವ ಕಡೆ ಆಯಿಲ್ ಕುಡಿದು ಇನ್ಸುಲೇಷನ್ ಒಡೆಯುವುದು ವಯಸ್ಸಾದ ಗಾಡಿಗಳಲ್ಲಿ ಮಾಮೂಲು. ಅದನ್ನು ನೋಡದೆ ಮುಂದೆ ಹೋಗಬೇಡಿ.)

ಅಂದರೆ ಸ್ಟೇಟರ್ ಸರಿಯಿತ್ತು. ಉಳಿದದ್ದು ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್, ಸ್ಟೇಟರಿನ ಎಸಿಯನ್ನು ಡಿಸಿ ಮಾಡಿ ಹದವಾದ ವೋಲ್ಟೇಜಿನಲ್ಲಿ ಬ್ಯಾಟರಿಗೆ ಕಳಿಸುವ ಭಾಗ). ನನ್ನ ಗಾಡಿಯಲ್ಲಿ ಅದಕ್ಕೆ ಬೇರೆ ಅರ್ಥ್ ವೈರ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಇಲ್ಲ, ಫ್ರೇಮಿಗೆ ಬೋಲ್ಟ್ ಮಾಡಿದ ಅದರ ಬಾಡಿಯೇ ಅರ್ಥ್. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆರ್‌ಆರ್ ಬಾಡಿಗೆ ಇಟ್ಟು ಎಂಜಿನ್ ರೇಸ್ ಮಾಡಿದೆ. ಹೆಚ್ಚೆಂದರೆ 0.2 ವೋಲ್ಟ್ ಬರಬೇಕಾದ ಕಡೆ 1.4! ಬೋಲ್ಟ್ ಬಿಚ್ಚಿದರೆ ಕೆಳಗೆ ದಪ್ಪಗೆ ಪೌಡರ್ ಕೋಟಿಂಗ್, ಕರೆಂಟ್ ಹಾಯದ ಬಣ್ಣದ ಪದರ. ಹಿಂದಿನ ಮಾಲೀಕರು ಫ್ರೇಮ್ ಮಿರಮಿರ ಮಿಂಚಲಿ ಅಂತ ಮಾಡಿಸಿದ್ದು. ಬೋಲ್ಟಿನ ಮರೆಯಿಂದ ಕರೆಂಟ್ ಹೇಗೋ ನುಸುಳುತ್ತಿತ್ತು. ಆರ್‌ಆರ್ ವೋಲ್ಟೇಜ್ ಅಳೆಯುವುದು ತನ್ನ ಬಾಡಿಯಿಂದ. ಅದರ ಲೆಕ್ಕದಲ್ಲಿ 14 ಆಯಿತು, ಸಾಕು. ಬ್ಯಾಟರಿಗೆ ಮಾತ್ರ ಅಷ್ಟು ತಲುಪುತ್ತಲೇ ಇರಲಿಲ್ಲ.

ಕೋಟಿಂಗ್ ಕೆರೆದು, ಆರ್‌ಆರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ದಪ್ಪ ವೈರೊಂದನ್ನು ನೇರವಾಗಿ ಎಳೆದೆ. 14.1 ಬಂತು.

ಇನ್ನೊಂದು ಸೋರಿಕೆ ಇಗ್ನಿಷನ್ ಸ್ವಿಚ್ಚಿನಲ್ಲಿತ್ತು. ಹೆಡ್‌ಲೈಟ್ ಹಾಕಿದರೆ ಬ್ಯಾಟರಿಯಿಂದ ಡಬ್ಬಿ ತಲುಪುವಷ್ಟರಲ್ಲಿ ಒಂದು ವೋಲ್ಟಿಗೂ ಮೀರಿ ಸೋರಿಹೋಗುತ್ತಿತ್ತು. ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿತ್ತು. ಒಂದು ರಿಲೇ (ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್) ಹಾಕಿ, ಡಬ್ಬಿಗೆ ಬ್ಯಾಟರಿಯಿಂದಲೇ ಫ್ಯೂಸ್ ಮೂಲಕ ಲೈನ್ ಕೊಟ್ಟೆ. ಈಗ ಸ್ವಿಚ್ ರಿಲೇಯನ್ನು ಮಾತ್ರ ಆನ್ ಮಾಡುತ್ತೆ. ಜೊತೆಗೆ ಪ್ಲಗ್ ಕ್ಯಾಪ್ ರೆಸಿಸ್ಟರ್ ಇರುವುದೇ ಬೇಕು. ಇಲ್ಲದಿದ್ದರೆ ಕಿಡಿಯ ಗದ್ದಲಕ್ಕೆ ಡಬ್ಬಿ ತಲೆಕೆಡಿಸಿಕೊಳ್ಳಬಹುದು.

ಐಡಲ್‌ನಲ್ಲಿ ಲೈಟ್ ಹಾಕಿದರೆ ವೋಲ್ಟೇಜ್ ಈಗಲೂ ಇಳಿಯುತ್ತೆ. ಹಳೇ ಆಲ್ಟರ್ನೇಟರ್ ಆ ವೇಗಕ್ಕೆ ಕೊಡುವುದೇ ಅಷ್ಟು. ಅದಕ್ಕೇ ಬ್ರೇಕ್ ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿದ್ದೇನೆ. ಸಿಗ್ನಲ್ಲಿನಲ್ಲಿ ಆಫ್ ಆಗುವುದು ನಿಂತಿದೆ.